ಯಾರು ನೆನಸಾಕತ್ತಾರ?

ಮದುವೆಯಾಗುವಾಗ ಗಂಡಸು ಏನೇನೋ ಆಗಲು ಒಪ್ಪಿಕೊಂಡಿರುತ್ತಾನೆ. ಗೊಂಬೆಯಾಗುತ್ತೇನೆ ಎಂದು ನಾನಂತೂ ಒಪ್ಪಿರಲಿಲ್ಲ. ಆದರೂ ಮಳೆಗಾಲ ಮುಗಿದರೆ ಸಾಕು, ರವಿವಾರ ಮುಂಜಾನೆ ಯಮಕನಮರಡಿಯ ನಮ್ಮ ಮನೆಯ ಅಂಗಳದಲ್ಲಿ ನಾನು ಎರಡೂ ಕೈಯಿಂದ ಕುತ್ತಿಗೆ ಹಿಡಿದುಕೊಂಡು, ಕಣ್ಣು ದೊಡ್ಡದು ಮಾಡಿ, ಬಾಯಿ ತೆರೆದು ನಿಲ್ಲುತ್ತೇನೆ. ಹರೆಯದ ಹುಡುಗ ಹುಡುಗಿಯರು ಒಬ್ಬರಾದ ಮೇಲೊಬ್ಬರು ಬಂದು ನನ್ನ ಜೀವ ಉಳಿಸುತ್ತಾರೆ. ಹೀಗೆ ಉಳಿದು ಉಳಿದು ನನ್ನ ಬೆನ್ನು ಮಂಗಳವಾರದವರೆಗೆ ನೋಯುತ್ತದೆ.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವಳು ನನ್ನ ಹೆಂಡತಿ ದಾಕ್ಷಾಯಿಣಿ. ಬೆಲ್ಲದ ಬಾಗೇವಾಡಿಯ ಹೈಸ್ಕೂಲಿನಲ್ಲಿ ಪಿ.ಟಿ. ಟೀಚರ್. ಕೊರಳಲ್ಲಿ ತಾಳಿಯ ಜೊತೆಗೆ ಒಂದು ಸೀಟಿ ನೇತಾಡುತ್ತಿರುತ್ತದೆ, ಮನೆಗೆ ಬಂದ ಮೇಲೂ ತೆಗೆಯಲು ಮರೆಯುತ್ತಾಳೆ. ಒಮ್ಮೆ ಹಾಲು ಉಕ್ಕುವಾಗ ನನ್ನನ್ನು ಕೂಗುವ ಬದಲು ಸೀಟಿ ಊದಿದ್ದಳು, ನಾನು ಓಡಿಹೋಗಿ ಒಲೆ ಆರಿಸಿದೆ. ಹುಕ್ಕೇರಿ, ಗೋಕಾಕ, ಮೂಡಲಗಿ ಮೂರೂ ತಾಲೂಕಿನಿಂದ ಈಜು ಬಲ್ಲ ಹುಡುಗ ಹುಡುಗಿಯರನ್ನು ಹೆಕ್ಕಿ ತಂದು ಜೀವರಕ್ಷಕರ ಒಂದು ಪಡೆ ಕಟ್ಟಿದ್ದಾಳೆ. ನೀರಿನ ಪಾಠ ಗೋಕಾಕದ ಹತ್ತಿರ ಘಟಪ್ರಭೆಯಲ್ಲಿ, ನೆಲದ ಪಾಠ ನಮ್ಮ ಅಂಗಳದಲ್ಲಿ. ದೊಡ್ಡ ಊರುಗಳಲ್ಲಿ ಇಂಥ ಪಾಠಕ್ಕೆ ರಬ್ಬರಿನ ಗೊಂಬೆ ಇಟ್ಟಿರುತ್ತಾರಂತೆ. ನಮ್ಮವರಿಗೆ ಗೊಂಬೆ ಸಿಗಲಿಲ್ಲ, ನಾನು ಸಿಕ್ಕೆ.

ಅವಳು ಮೂಡಲಗಿಯವಳು. ನಮ್ಮ ಮಾವ ಅಪ್ಪಣ್ಣನವರಿಗೆ ಊರ ಹೊರಗೆ ತೋಟ, ತೋಟದಲ್ಲಿ ಮೆಟ್ಟಿಲಿನ ಬಾವಿ. ಹೆಣ್ಣುಹುಡುಗಿ ಎಂದು ನೋಡದೆ, ಮಗಳು ಇನ್ನೂ ಸಾಲೆಗೆ ಹೋಗುವ ಮುಂಚೆಯೇ ಅವಳ ಸೊಂಟಕ್ಕೆ ಒಣಗಿದ ಸೋರೆಬುರುಡೆ ಕಟ್ಟಿ ಬಾವಿಗೆ ಇಳಿಸಿದ್ದರು. ಒಂದು ದಿನ ಬೇಕೆಂದೇ ಗಂಟು ಸಡಿಲು ಕಟ್ಟಿದರಂತೆ. ನಡು ಬಾವಿಯಲ್ಲಿ ಬುರುಡೆ ಕಳಚಿಕೊಂಡು ತನ್ನ ಪಾಡಿಗೆ ತೇಲಿಹೋಯಿತು, ಇವಳು ಅಪ್ಪಾ ಅಪ್ಪಾ ಎಂದು ಬಾಯಿ ಮಾಡಿದಳು. ಮಾವ ಮೆಟ್ಟಿಲ ಮೇಲೆ ಕೂತು ಶೇಂಗಾ ಸುಲಿಯುತ್ತಾ, "ಒದರಾಕ ಉಸುರೈತಿ ಅಂದ್ರ ಈಸಾಕೂ ಐತಿ, ಬಾ" ಎಂದರಂತೆ. ಬಂದಳು. ಬಂದವಳೇ ಅವರ ಶೇಂಗಾ ಎಲ್ಲ ಕಸಿದುಕೊಂಡು ತಿಂದಳು. ಅಪ್ಪ ಮಗಳ ನಂಟು ಅಂಥದ್ದು. ಇಬ್ಬರೂ ನಗುವಾಗ ಎರಡು ಓಣಿ ಆಚೆಗೆ ಕೇಳುತ್ತಿತ್ತು.

ನಾನು ಶ್ರೀಶೈಲ, ಹೈವೇ ಪಕ್ಕದಲ್ಲಿ ಟಾಯರ್ ಅಂಗಡಿ ಇಟ್ಟವನು. ಕನ್ಯೆ ನೋಡುವ ಶಾಸ್ತ್ರ ಮುಗಿದ ಮೇಲೆ ಅವಳ ಕಡೆಯವರು ನಮ್ಮ ಮನೆ ಅಂಗಡಿ ನೋಡಲು ಬಂದಿದ್ದರು, ಅವಳೂ ಬಂದಿದ್ದಳು. ಆ ದಿನ ಅವಳು ಮೆಚ್ಚಿದ್ದು ನನ್ನನ್ನೋ, ಅಂಗಡಿಯ ಹಿಂದೆ ಪೇರಿಸಿಟ್ಟಿದ್ದ ಲಾರಿ ಟ್ಯೂಬುಗಳನ್ನೋ ಎಂಬ ಅನುಮಾನ ನನಗೆ ಇಂದಿಗೂ ಹೋಗಿಲ್ಲ. ಈಗ ಬರುವ ಗಾಡಿಗಳಿಗೆಲ್ಲ ಟ್ಯೂಬ್‌ಲೆಸ್ ಟಾಯರು. ಎಲ್ಲಾದರೂ ಹಳೆಯ ಟ್ಯೂಬು ಸಿಕ್ಕರೆ ಪಂಚರ್ ತಿದ್ದಿ, ಗಾಳಿ ತುಂಬಿ, ನೀರಲ್ಲಿ ತೇಲಲು ಅವಳ ಪಡೆಗೆ ಕೊಡುವುದು ಗಂಡನಾದ ನನ್ನ ಧರ್ಮ.

ನಮ್ಮ ಮನೆಯಲ್ಲಿ ಇನ್ನೊಬ್ಬ ಟೀಚರ್ ಇದ್ದಾಳೆ, ಪಗಾರ ಇಲ್ಲದವಳು. ನಮ್ಮವ್ವ ಬಾಳವ್ವ. ಕೂಸಿಗೆ ಹೊಟ್ಟೆನೋವು ಬಂದರೆ, ಎಮ್ಮೆ ಹಾಲು ಕೊಡದಿದ್ದರೆ, ಹೊಸ ಸೊಸೆ ರೊಟ್ಟಿ ಬಡಿಯಲು ಬಾರದೆ ಅಳುತ್ತಿದ್ದರೆ, ಓಣಿಯ ಹೆಂಗಸರು ಮೊದಲು ಬಾಳವ್ವನನ್ನು ಕೇಳುತ್ತಾರೆ. ಅವಳು ಹೂಂ ಅಂದರೆ ಹೂಂ, ಊಹೂಂ ಅಂದರೆ ಊಹೂಂ. ಕಣಗಲಾದಲ್ಲಿ, ಬಾಗೇವಾಡಿಯಲ್ಲಿ ನಮ್ಮ ನೆಂಟರಿದ್ದಾರೆ, ಅಲ್ಲಿಯವರೆಗೂ ಅವಳ ಮಾತು ಫೋನಿನಲ್ಲಿ ನಡೆಯುತ್ತದೆ.

ಇನ್ನೊಂದು ಸಂಗತಿಯನ್ನು ಈಗಲೇ ಹೇಳಿಬಿಡುತ್ತೇನೆ, ಅದು ಗೊತ್ತಿಲ್ಲದಿದ್ದರೆ ಮುಂದಿನದು ತಿಳಿಯುವುದಿಲ್ಲ. ನಮ್ಮ ಮದುವೆಯಾಗಿ ವರ್ಷ ತುಂಬಿರಲಿಲ್ಲ. ಅಪ್ಪಣ್ಣ ಮಾವ ಮಗಳನ್ನು ನೋಡಲು ಬಂದಿದ್ದರು. ಬರುವ ದಾರಿಯಲ್ಲಿ ಗೋಕಾಕದಲ್ಲಿ ಇಳಿದು ಬೆಲ್ಲ, ಗೋಡಂಬಿಯ ಕರದಂಟು ಕಟ್ಟಿಸಿಕೊಂಡು ಬಂದಿದ್ದರು. ಊಟವಾದ ಮೇಲೆ ಪಡಸಾಲೆಯಲ್ಲಿ ಕೂತು, ಕರದಂಟಿನ ದೊಡ್ಡ ತುಂಡನ್ನು ಬಾಯಿಗೆ ಹಾಕಿಕೊಂಡೇ ಏನೋ ಒಂದು ನಗೆಮಾತು ಶುರು ಮಾಡಿದರು. ಮಾತು ನಡುವೆ ನಿಂತಿತು. ಅವರು ಎದ್ದು ನಿಂತರು, ಬಾಯಿ ತೆರೆದೇ ಇತ್ತು, ಸದ್ದಿಲ್ಲ. ನಾವೆಲ್ಲ ನಗುತ್ತಾ ಉಳಿದರ್ಧ ಮಾತಿಗೆ ಕಾಯುತ್ತಿದ್ದೆವು. ಅವ್ವ ಎದ್ದು ಹೋಗಿ ಅವರ ನೆತ್ತಿ ತಟ್ಟಿದಳು. ನಮ್ಮ ಕಡೆ ಎಲ್ಲರೂ ಮಾಡುವುದೇ ಅದು. ತುತ್ತು ನೆತ್ತಿಗೆ ಹತ್ತಿತು ಅನ್ನುವುದು, ನೆತ್ತಿ ತಟ್ಟುವುದು, ಯಾರು ನೆನಸಾಕತ್ತಾರ ಎಂದು ಕೇಳುವುದು, ನೀರು ಕುಡಿಸುವುದು. ಅವ್ವ ಒಂದನ್ನೂ ಬಿಡದೆ ಮಾಡಿದಳು. ಆಸ್ಪತ್ರೆಗೆ ಒಯ್ಯಲು ಗಾಡಿ ಬರುವಷ್ಟರಲ್ಲಿ ಮಾವ ಹೋಗಿಬಿಟ್ಟಿದ್ದರು. ಗದ್ದಲ ಕೇಳಿ ದಾಕ್ಷಾಯಿಣಿ ಅಡುಗೆಮನೆಯಿಂದ ಓಡಿ ಬಂದಾಗಲೇ ಅವರು ಕುಸಿದಿದ್ದರು, ಅವ್ವನ ಕೈಯಲ್ಲಿ ಇನ್ನೂ ನೀರಿನ ತಂಬಿಗೆ ಇತ್ತು.

ಆಯುಷ್ಯ ಮುಗಿದಿತ್ತು ಎಂದರು ಎಲ್ಲರೂ. ನಾವೂ ಹಾಗೆಯೇ ಅಂದುಕೊಂಡೆವು.

ಎಷ್ಟೋ ವರ್ಷದ ಮೇಲೆ, ಘಟಪ್ರಭೆಯ ನೀರು ಗೋಕಾಕದ ಪೇಟೆಯೊಳಗೆ ಹೊಕ್ಕ ವರ್ಷ, ಪಿ.ಟಿ. ಟೀಚರುಗಳಿಗೆಲ್ಲ ಬೆಳಗಾವಿಯಲ್ಲಿ ಪ್ರಥಮ ಚಿಕಿತ್ಸೆಯ ತರಬೇತಿ ಕೊಟ್ಟರು. ತರಬೇತಿ ಮುಗಿಸಿದ ದಿನ ದಾಕ್ಷಾಯಿಣಿ ಮನೆಗೆ ಹೋಗದೆ ನೇರ ಅಂಗಡಿಗೆ ಬಂದಳು. ಸ್ಕೂಟಿ ನಿಲ್ಲಿಸಿ, ಒಂದು ಟ್ರ್ಯಾಕ್ಟರ್ ಟಾಯರಿನ ಮೇಲೆ ಕೂತಳು. "ಬೆನ್ನಿಗೆ ಬಡೀಬೇಕಿತ್ತಂತ್ರಿ," ಎಂದಳು. "ನೆತ್ತಿಗೆ ಬಡದ್ರ ಏನೂ ಆಗೂದಿಲ್ಲಂತ. ನೀರಂತೂ ಕೊಡಾಕಾಬಾರದಂತ." ನಾನು ನಟ್ಟು ಬಿಚ್ಚುತ್ತಿದ್ದ ಪಾನಾ ಕೆಳಗಿಟ್ಟೆ. ಅವಳು ಸ್ವಲ್ಪ ಹೊತ್ತು ಅತ್ತು, ಮುಖ ತೊಳೆದುಕೊಂಡು, "ಅತ್ತಿಯವರ ಮುಂದ ಹೇಳಬ್ಯಾಡ್ರಿ" ಎಂದು ನನ್ನಿಂದ ಮಾತು ತೆಗೆದುಕೊಂಡು ಮನೆಗೆ ಹೋದಳು.

ಅತ್ತೆ ಸೊಸೆ ಜಗಳವಾಡದ ವಿಷಯವಿಲ್ಲ. ಉಪ್ಪಿಗೆ ಜಗಳ, ಟಿ.ವಿ.ಗೆ ಜಗಳ, ನಾನು ಯಾರ ಮಾತು ಕೇಳುತ್ತೇನೆ ಎಂಬುದಕ್ಕೂ ಜಗಳ. ಇದೊಂದರ ಹತ್ತಿರ ಮಾತ್ರ ಇಬ್ಬರೂ ಸುಳಿಯುತ್ತಿರಲಿಲ್ಲ. ಕರದಂಟು ಇಂದಿಗೂ ಮನೆಗೆ ಬರುತ್ತದೆ, ಅವ್ವ ಅದನ್ನು ಅಡಕೊತ್ತಿನಲ್ಲಿ ಕತ್ತರಿಸಿ ಕತ್ತರಿಸಿ ಕಡಲೆಕಾಳಿನಷ್ಟು ಮಾಡಿಯೇ ಕೈಗೆ ಕೊಡುತ್ತಾಳೆ. ಗೋಡಂಬಿ ಎಲ್ಲಿದೆ ಎಂದು ದುರ್ಬೀನು ಹಾಕಿ ಹುಡುಕಬೇಕು. ಯಾಕೆ ಎಂದು ಯಾರೂ ಕೇಳುವುದಿಲ್ಲ.

ದಾಕ್ಷಾಯಿಣಿ ಪಡೆ ಕಟ್ಟಿದ್ದು ಆ ತರಬೇತಿಯಾದ ಮೇಲೆ. ಅವಳಿಗೆ ಎರಡು ಆಸೆ ಇದ್ದವು. ತನ್ನ ಅಪ್ಪನನ್ನು ಉಳಿಸಬಹುದಾಗಿದ್ದ ಆ ಪಾಠ ಮೂರೂ ತಾಲೂಕಿಗೆ ಮುಟ್ಟಬೇಕು. ಅವ್ವನಿಗೆ ಮಾತ್ರ ಮುಟ್ಟಬಾರದು. ಒಂದೇ ಅಂಗಳದಲ್ಲಿ ಎರಡೂ ಆಗಲಿ ಎಂದರೆ ಹೇಗೆ ಆಗುತ್ತದೆ? ಹೆಂಡತಿಯ ಜಾಣತನದ ಬಗ್ಗೆ ನನಗೆ ಬಹಳ ಗೌರವವಿದೆ, ಆದರೆ ಈ ಲೆಕ್ಕ ಮೊದಲಿನಿಂದಲೂ ತಪ್ಪಿತ್ತು.

ನೀರಿನ ಪಾಠವೆಲ್ಲ ಮುಗಿದು ಗಂಟಲಿನ ಪಾಠ ಬಂದ ರವಿವಾರ ಅಂಗಳ ತುಂಬಿತ್ತು. ಅವ್ವ ಕಟ್ಟೆಯ ಮೇಲೆ ಕೂತು ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಗೋಕಾಕದ ಪರಶುರಾಮ ಪಡೆಯಲ್ಲೇ ಗಟ್ಟಿ ಈಜುಗಾರ, ಬಾಯಿಯೂ ಅಷ್ಟೇ ಗಟ್ಟಿ. ಅವನು ಕೇಳಿದ: "ಟೀಚರ್, ನಾವು ನೀರಾಗ ಬಿದ್ದೋರನ್ನ ತಗಿಯೋರು. ಉಣ್ಣೋರನ್ನ ಯಾಕ ಉಳಸಬೇಕ್ರಿ?"

"ನಿಮ್ಮ ಓಣ್ಯಾಗ ದಿನಾ ಹೊಳಿಗೆ ಬೀಳೋರು ಎಷ್ಟ ಮಂದಿ ಅದಾರ?"

"ಯಾರೂ ಇಲ್ರಿ."

"ದಿನಾ ಉಣ್ಣೋರು?"

ಪರಶುರಾಮ ತಲೆ ಕೆರೆದುಕೊಂಡ. ದಾಕ್ಷಾಯಿಣಿ ನನ್ನನ್ನು ನಡುವೆ ನಿಲ್ಲಿಸಿದಳು. ನಾನೂ ತಯಾರಾಗಿಯೇ ಬಂದಿದ್ದೆ. ಕುತ್ತಿಗೆ ಹಿಡಿದು, "ಅಕ್ಕ್, ಅಕ್ಕ್" ಎಂದು ಸದ್ದು ಮಾಡಿ, ಎರಡು ಸುತ್ತು ತಿರುಗಿ, ಗೋಡೆಗೆ ಒರಗಿದೆ. ಹುಡುಗರು ಚಪ್ಪಾಳೆ ತಟ್ಟಿದರು. ಅವಳು ಸೀಟಿ ಊದಿದಳು. "ಸದ್ದ ಮಾಡಬ್ಯಾಡ್ರಿ. ಸದ್ದ ಬಂತಂದ್ರ ಉಸುರ ಆಡಾಕತ್ತೈತಿ ಅಂತ ಅರ್ಥ. ಖರೇ ಸಿಕ್ಕೊಂಡೋರು ಒಂದ ಮಾತೂ ಆಡೂದಿಲ್ಲ." ನಾನು ಬಾಯಿ ಮುಚ್ಚಿಕೊಂಡು, ಅಂದರೆ ತೆರೆದುಕೊಂಡು, ನಿಂತೆ. ಹೆಂಡತಿಯ ಮುಂದೆ ಮಾತಿಲ್ಲದೆ ನಿಲ್ಲುವುದು ನನಗೆ ಹೊಸದಲ್ಲ.

ಆಮೇಲೆ ಅವಳು ಚೆನ್ನಾಗಿಯೇ ಹೇಳಿಕೊಟ್ಟಳು. ಕೆಮ್ಮುತ್ತಿದ್ದರೆ ಬಿಡಿ, ಕೆಮ್ಮಲು ಹೇಳಿ. ಕೆಮ್ಮೂ ಇಲ್ಲ ಮಾತೂ ಇಲ್ಲ ಎಂದಾದರೆ ಪಕ್ಕದಲ್ಲಿ ನಿಂತು, ಒಂದು ಕೈ ಎದೆಗೆ ಆನಿಸಿ, ಮುಂದಕ್ಕೆ ಬಗ್ಗಿಸಿ. ಇನ್ನೊಂದು ಅಂಗೈಯ ಬುಡದಿಂದ ಎರಡು ಹೆಗಲೆಲುಬಿನ ನಡುವೆ ಐದು ಏಟು, ಜೋರಾಗಿ. ಅದಕ್ಕೂ ಹೊರಗೆ ಬರದಿದ್ದರೆ ಹಿಂದೆ ನಿಂತು, ಹೊಕ್ಕಳಿಗಿಂತ ತುಸು ಮೇಲೆ ಮುಷ್ಟಿ ಇಟ್ಟು, ಒಳಕ್ಕೂ ಮೇಲಕ್ಕೂ ಐದು ಸಲ ಎಳೆಯಿರಿ. ಮತ್ತೆ ಬೆನ್ನು, ಮತ್ತೆ ಹೊಟ್ಟೆ. ಇನ್ನೊಬ್ಬರು 108ಕ್ಕೆ ಫೋನ್ ಮಾಡಿರಬೇಕು. ಕಲಿಯುವಾಗ ಜಾಗ ತೋರಿಸಬೇಕಷ್ಟೇ, ಹೊಟ್ಟೆ ಒತ್ತುವಂತಿಲ್ಲ. ಈ ಕೊನೆಯ ಮಾತನ್ನು ಅವಳು ನನ್ನ ಸಲುವಾಗಿ ಎರಡು ಸಲ ಹೇಳಿದಳು.

"ತಿಳೀತಿಲ್ಲೋ?"

"ತಿಳೀತ್ರಿ," ಎಂದಿತು ಪಡೆ.

"ಪರಶುರಾಮ, ಬಾ."

ನಾನು ಕುತ್ತಿಗೆ ಹಿಡಿದೆ. ಪರಶುರಾಮ ಗಂಭೀರವಾಗಿ ಬಂದ, ಪಕ್ಕದಲ್ಲಿ ನಿಂತ, ಕೈ ಎತ್ತಿದ, ನನ್ನ ನೆತ್ತಿಯ ಮೇಲೆ ತಟ್ಟಿದ.

"ಎಲ್ಲಿ ಬಡ್ಯಾಕತ್ತೀ?"

"ಕೈ ತಾನ ಹೋತ್ರಿ ಟೀಚರ್."

ಕಣಗಲಾದ ಭಾಗ್ಯಾ ಮುಂದೆ ಬಂದಳು. ಹತ್ತನೆಯ ತರಗತಿಯಲ್ಲಿ ಸಾಲೆಗೇ ಮೊದಲಿಗಳಾಗಿದ್ದ ಹುಡುಗಿ, ತಪ್ಪು ಮಾಡುವ ಪೈಕಿಯವಳಲ್ಲ. ಅವಳೂ ನನ್ನ ನೆತ್ತಿ ತಟ್ಟಿದಳು, ತಟ್ಟಿ ನಾಲಿಗೆ ಕಚ್ಚಿಕೊಂಡಳು. ಮೂರನೆಯವನು ತಟ್ಟಿದ. ನಾಲ್ಕನೆಯವನು ತಟ್ಟಿದ್ದಲ್ಲದೆ ಓಡಿ ಹೋಗಿ ನೀರು ತಂದ. ಅಷ್ಟು ಹೊತ್ತು ಬೆನ್ನಿನ ಪಾಠ ಕೇಳಿದ ಪಡೆ ನನ್ನ ತಲೆಯನ್ನು ತಬಲಾ ಮಾಡಿತು. ಹುಟ್ಟಿದಾಗಿನಿಂದ ಅವ್ವ, ಅಜ್ಜಿ, ಚಿಗವ್ವ ಎಲ್ಲರೂ ತಟ್ಟಿ ತಟ್ಟಿ ಕೈಗೆ ಆ ದಾರಿ ರೂಢಿಯಾಗಿಬಿಟ್ಟಿದೆ, ಹುಡುಗರದೇನು ತಪ್ಪು.

ದಾಕ್ಷಾಯಿಣಿಗೆ ಸಿಟ್ಟು ಬಂತು. "ನೆತ್ತ್ಯಾಗ ಏನೈತ್ರೋ? ಅನ್ನ ಹೋಗೂ ದಾರಿ ಐತೇನು ಅಲ್ಲಿ? ನೆತ್ತಿ ತಟ್ಟಿ ಯಾವ ಜೀವಾನೂ ಉಳ್ದಿಲ್ಲ."

ಕಟ್ಟೆಯ ಮೇಲೆ ಮೊರದ ಸದ್ದು ನಿಂತಿತು. "ಯಾಕ," ಎಂದಳು ಅವ್ವ, "ನಮ್ಮ ಹಿರ್ಯಾರೆಲ್ಲಾ ಹುಚ್ಚರೇನು? ನೆತ್ತಿಗೆ ಹತ್ತಿದ್ರ ನೆತ್ತೀನ ತಟ್ಟಬೇಕು. ಮತ್ತೆಲ್ಲಿ ತಟ್ಟತಾರ?"

ದಾಕ್ಷಾಯಿಣಿಯ ಮುಖ ಬಿಳಿಚಿಕೊಂಡಿತು. ಏನು ಹೇಳಿಬಿಟ್ಟೆ ಎಂದು ಅವಳಿಗೆ ಆಗಲೇ ಹೊಳೆದದ್ದು. "ಏನಿಲ್ಲ ಬಿಡ್ರಿ ಅತ್ತಿ," ಎಂದು ಪಾಠವನ್ನು ಹೊಟ್ಟೆಗೆ ದಾಟಿಸಿದಳು. ಅದು ಇನ್ನೂ ಕೆಟ್ಟಿತು. ಭಾಗ್ಯಾ ನನ್ನ ಹಿಂದೆ ನಿಂತು ಕೈ ಸುತ್ತಲು ಬಂದಾಗ ಅವ್ವ ಮೊರ ಕೆಳಗಿಟ್ಟು ಎದ್ದೇಬಿಟ್ಟಳು. "ಹರೇದ ಹುಡುಗಿ ಪರ ಗಂಡಸಿಗೆ ತೆಕ್ಕಿ ಬಡೀತಾಳಂತ. ಇದನ್ನ ಕಲಸಾಕ ನಮ್ಮ ಅಂಗಳಾನ ಬೇಕಾಗಿತ್ತೇನು?"

ಸಂಜೆಯೊಳಗೆ ಅವ್ವನ ಫೋನು ಕಣಗಲಾಕ್ಕೂ ಹೋಯಿತು, ಬಾಗೇವಾಡಿಗೂ ಹೋಯಿತು. ಮುಂದಿನ ರವಿವಾರ ಒಬ್ಬ ಹುಡುಗಿಯೂ ಬರಲಿಲ್ಲ. ಪರಶುರಾಮ ಮತ್ತು ಇನ್ನಿಬ್ಬರು ಬಂದು, ಚಹಾ ಕುಡಿದು, ಹೊಳೆಗೆ ನೀರು ಎಷ್ಟು ಬಂದಿದೆ ಎಂದು ಮಾತಾಡಿ ಹೋದರು.

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಆ ಮಧ್ಯಾಹ್ನ ಅಂಗಡಿಗೆ ಬುತ್ತಿ ತಂದಾಗ ಹೆಂಡತಿಯನ್ನು ತರಾಟೆಗೆ ತೆಗೆದುಕೊಂಡೆ. "ಒಂದ ಮಾತ ಹೇಳಿದ್ರ ಮುಗೀತೈತಿ. ನಿಮ್ಮಪ್ಪಗ ಏನಾತು ಅಂತ ಹೇಳು. ಅವ್ವ ಮತ್ತ ಬಾಯಿ ತಗದ್ರ ಕೇಳು."

ಅವಳು ಬುತ್ತಿಯ ಗಂಟು ಬಿಚ್ಚುತ್ತಿದ್ದವಳು ಹಾಗೆಯೇ ನಿಲ್ಲಿಸಿದಳು. "ಹೇಳಿದ್ರ ಆತು. ಆಮ್ಯಾಲ ಅತ್ತಿ ಆ ಕೈಲೆ ಹೆಂಗ ಉಣ್ಣತಾರ್ರಿ?"

ನನ್ನ ಸಿಟ್ಟು ಇಳಿದು ಎಲ್ಲಿ ಹೋಯಿತೋ. ನನ್ನ ಅವ್ವನ ಬಗ್ಗೆ ನಾನು ಯೋಚಿಸದೆ ಇದ್ದದ್ದನ್ನು ಇವಳು ಇಷ್ಟು ವರ್ಷ ಯೋಚಿಸಿಕೊಂಡು ಬಂದಿದ್ದಳು. ನಾಚಿಕೆಯಾಯಿತು, ಪ್ರೀತಿಯೂ ಉಕ್ಕಿತು. ಎರಡನ್ನೂ ತೋರಿಸಿಕೊಳ್ಳಲು ಬರದೆ, ಪಲ್ಯಕ್ಕೆ ಉಪ್ಪು ಕಡಿಮೆ ಎಂದೆ.

ದಾರಿ ಸಿಕ್ಕಿದ್ದು ಊಟದ ತಟ್ಟೆಯಲ್ಲಿ. ಒಂದು ದಿನ ಮುಂಜಾನೆ ಮೂವರೂ ಉಣ್ಣುತ್ತಿದ್ದೆವು. ರೊಟ್ಟಿ, ಮೊಸರು, ಶೇಂಗಾ ಹಿಂಡಿ ಅಂದರೆ ಚಟ್ನಿಪುಡಿ. ಸಾಲೆಗೆ ಹೊತ್ತಾಯಿತು ಎಂದು ದಾಕ್ಷಾಯಿಣಿ ಅವಸರದಲ್ಲಿ ಒಣ ಹಿಂಡಿಯನ್ನೇ ಬಾಯಿಗೆ ಹಾಕಿಕೊಂಡಳು, ಖಾರದ ಪುಡಿ ನೆತ್ತಿಗೆ ಹತ್ತಿತು. ಕೆಮ್ಮು ಅಂದರೆ ಕೆಮ್ಮು. ಅವ್ವ ಜಗಳವಾಡುತ್ತಿದ್ದುದನ್ನೂ ಮರೆತು ಎಡಗೈಯಿಂದ ಅವಳ ನೆತ್ತಿ ತಟ್ಟಿ, "ಯಾರವ್ವ ನೆನಸಾಕತ್ತಾರ ನಿನ್ನ?" ಎಂದಳು.

"ನಿಮ್ಮ ಮಗಾನ್ರಿ," ಎಂದಳು ಇವಳು ಕೆಮ್ಮುತ್ತಲೇ, "ಇಲ್ಲೇ ಬಾಜೂಕ ಕುಂತ ನೆನಸಾಕತ್ತಾರ, ಪಾತ್ರಿ ಯಾರ ತೊಳೀತಾರಂತ."

ಅವ್ವ ನಕ್ಕಳು. ದಾಕ್ಷಾಯಿಣಿ ನಗಲಿಲ್ಲ. ಎಂಜಲು ಕೈ ಮೇಲೆತ್ತಿಕೊಂಡು ಹಾಗೆಯೇ ಕೂತುಬಿಟ್ಟಳು. "ಅತ್ತೀ, ಇನ್ನೊಮ್ಮೆ ಕೇಳ್ರಿ."

"ಏನ ಕೇಳಲಿ?"

"ಈಗ ಕೇಳಿದ್ರೆಲ್ಲಾ, ಅದನ್ನ."

"ತಲಿ ಕೆಟ್ಟೈತೇನು ನಿನಗ? ಯಾರು ನೆನಸಾಕತ್ತಾರ?"

"ನಮ್ಮ ಹೆಡ್ ಮಾಸ್ತರ್ರಿ," ಎಂದು ಹೇಳಿ ಅವಳು ಈಗ ನಗತೊಡಗಿದಳು, ನಕ್ಕು ನಕ್ಕು ಮತ್ತೆ ಕೆಮ್ಮು ಬಂತು. ಅವ್ವ ನನ್ನ ಕಡೆ ನೋಡಿದಳು. ನಾನು ರೊಟ್ಟಿ ಮುರಿದೆ. ಅವರಿಬ್ಬರ ನಡುವೆ ನಾನು ಮಾಡುವುದು ಸಾಮಾನ್ಯವಾಗಿ ಅದನ್ನೇ.

ಅವಳಿಗೆ ಹೊಳೆದದ್ದು ಇಷ್ಟು. ನಮ್ಮವರು ಹೇಗೂ ಕೇಳಿಯೇ ಕೇಳುತ್ತಾರೆ, ಯಾರು ನೆನಸಾಕತ್ತಾರ ಎಂದು. ಕೇಳಲಿ. ಹೆಂಡತಿ, ತಂಗಿ, ಹೆಡ್ ಮಾಸ್ತರ, ಯಾರದಾದರೂ ಒಂದು ಹೆಸರು ಬಾಯಿಂದ ಬಂದರೆ ಉಸಿರಿಗೆ ದಾರಿ ಇದೆ, ಕೆಮ್ಮಲು ಬಿಟ್ಟು ಪಕ್ಕದಲ್ಲಿ ನಿಂತರಾಯಿತು. ಬಾಯಿ ತೆರೆದಿದ್ದು ಹೆಸರು ಬರದಿದ್ದರೆ ಅದು ನೆತ್ತಿಗೆ ಹತ್ತಿದ್ದಲ್ಲ, ಗಂಟಲಿಗೆ ಸಿಕ್ಕಿದ್ದು. ಆಗ ನೆತ್ತಿಯ ಮೇಲಿರುವ ಕೈಯನ್ನು ಕೆಳಗೆ ಇಳಿಸಬೇಕು, ಬೆನ್ನಿಗೆ. ಬೆಳಗಾವಿಯಲ್ಲಿ ಕೊಟ್ಟ ಪುಸ್ತಕದಲ್ಲೂ ಮೊದಲು ಮಾತಾಡಿಸಿ ನೋಡಿ ಎಂದೇ ಇತ್ತಂತೆ, ಏನು ಕೇಳಬೇಕೆಂಬುದು ಮಾತ್ರ ನಮ್ಮ ಅವ್ವನಿಗೆ ಗೊತ್ತಿತ್ತು.

ಕೈ ತೊಳೆದುಕೊಂಡು ಬಂದು ಅತ್ತೆಯ ಮುಂದೆ ಕೂತಳು. "ಅತ್ತೀ, ನಿಮ್ಮ ಈ ಮಾತ ಪಡೆಗೆ ಕಲಸ್ಲೇನ್ರಿ? ಮೊದಲನೇ ಪಾಠಾನ ಅದು."

"ನನ್ನ ಮಾತ ಪಾಠ ಆಗೂವಷ್ಟು ದೊಡ್ಡದೇನಲ್ಲ ತಗಿ," ಎಂದಳು ಅವ್ವ. ಅಂದವಳು ಚಹಾದ ಹೊತ್ತಿಗೆ ತಾನೇ ಕಣಗಲಾಕ್ಕೆ ಫೋನ್ ಹಚ್ಚಿದ್ದಳು. "ರವಿವಾರ ಹುಡುಗೀನ ಕಳಸ್ರಿ. ಈ ಸಲ ನನ್ನ ಪಾಠ ಐತಿ."

ಆ ರವಿವಾರ ಬಂದಷ್ಟು ಮಂದಿ ಹಿಂದೆಂದೂ ಬಂದಿರಲಿಲ್ಲ. ಹುಡುಗಿಯರ ಜೊತೆ ಅವರ ಅವ್ವಂದಿರೂ ಬಂದಿದ್ದರು. ಅವ್ವ ಇಳಕಲ್ ಸೀರೆ ಉಟ್ಟು ಕುರ್ಚಿ ಹಾಕಿಸಿಕೊಂಡು ಕೂತಳು. ದಾಕ್ಷಾಯಿಣಿ ಹೊಸ ಪಾಠ ಹೇಳಿದಳು, ಪಡೆ ಇಬ್ಬಿಬ್ಬರಾಗಿ ನಿಂತು ಶುರು ಮಾಡಿತು. ನನ್ನ ತಲೆಗೆ ಆ ದಿನ ರಜೆ. ಎಲ್ಲಾ ಕಡೆಯಿಂದ ಒಂದೇ ಪ್ರಶ್ನೆ, ತರತರದ ಉತ್ತರ. ಗಣಿತದ ಮಾಸ್ತರ. ಸೋದರತ್ತಿ. ಗೋಕಾಕ ಬಸ್ಸಿನ ಕಂಡಕ್ಟರ್. ಒಬ್ಬಳಂತೂ, "ನಮ್ಮ ಎಮ್ಮಿ" ಎಂದಳು.

ಪರಶುರಾಮನ ಸರದಿ ಬಂತು. ಕೆಮ್ಮಿದಂತೆ ಮಾಡಿದ. "ಯಾರು ನೆನಸಾಕತ್ತಾರ?" ಎಂದು ಜೊತೆಗಾರ ಕೇಳಿದ.

"ಕಣಗಲಾದ..." ಎಂದವನು ಗಪ್ಪನೆ ಬಾಯಿ ಮುಚ್ಚಿಕೊಂಡ. ಇಡೀ ಪಡೆ ಭಾಗ್ಯಾಳ ಕಡೆ ತಿರುಗಿತು.

"ಅರ್ಧಾ ಹೆಸರ ಬಂತು," ಎಂದಳು ದಾಕ್ಷಾಯಿಣಿ. "ಅರ್ಧಕ್ಕ ಏನ ಮಾಡಬೇಕು?"

ಯಾರೂ ಹೇಳುವ ಮುಂಚೆ ಭಾಗ್ಯಾ ಎದ್ದು ಬಂದು ಅವನನ್ನು ಬಗ್ಗಿಸಿ, ಅಂಗೈಯ ಬುಡದಿಂದ, ಎರಡು ಹೆಗಲೆಲುಬಿನ ನಡುವೆ, ಎಲ್ಲಿ ಬಡಿಯಬೇಕೋ ಅಲ್ಲಿಯೇ ಬಡಿದಳು. ಪಾಠಕ್ಕೆ ಬೇಕಾದದ್ದಕ್ಕಿಂತ ಒಂದಿಷ್ಟು ಜೋರಾಗಿಯೇ. ಅವ್ವಂದಿರೆಲ್ಲ ಸೆರಗು ಬಾಯಿಗೆ ಹಚ್ಚಿಕೊಂಡು ನಕ್ಕರು.

ಹೊಟ್ಟೆಯ ಪಾಠ ಬಂದಾಗ ಎಲ್ಲರೂ ಅವ್ವನ ಮುಖ ನೋಡಿದರು. ಪಾಠದಲ್ಲಿ ತನ್ನ ಪಾಲಿದೆ ಎಂದಾದ ಮೇಲೆ ಅವ್ವನ ನ್ಯಾಯವೂ ಬದಲಾಗಿತ್ತು. "ಹಿಂದ ನಿಂತು ಹಿಡಿಯೋದಕ್ಕ ತೆಕ್ಕಿ ಅನ್ನೂದಿಲ್ಲ," ಎಂದು ತೀರ್ಪು ಕೊಟ್ಟಳು. "ತೆಕ್ಕಿ ಅಂದ್ರ ಮುಂದಿನಿಂದ." ಲಿಂಗದ ಕರಡಿಗೆ ಕೊರಳಲ್ಲಿ ಕಟ್ಟಿಕೊಂಡ ಹಿರಿಯರಾದರೆ, ಅದು ಹೊಟ್ಟೆಯ ಮೇಲೆ ಅಡ್ಡ ಬಂದರೆ, ಮುಟ್ಟಬಹುದೋ ಬೇಡವೋ ಎಂದು ಒಬ್ಬ ಹುಡುಗ ಕೇಳಿದ. "ಬಾಜೂಕ ಸರಸು," ಎಂದಳು ಅವ್ವ. "ಮನಷಾ ಉಳದ್ರ ಲಿಂಗಪೂಜಿ ಮಾಡ್ಯಾನ." ದಾಕ್ಷಾಯಿಣಿ ನನ್ನ ಕಡೆ ನೋಡಿ ಕಣ್ಣಲ್ಲೇ ನಕ್ಕಳು. ಎರಡೂ ಆಸೆ ಒಂದೇ ಅಂಗಳದಲ್ಲಿ ಈಡೇರಿದವು ಎಂದು ನಾನೂ ಅಂದುಕೊಂಡೆ.

ಆಗ ಅವ್ವ ಕುರ್ಚಿಯಿಂದ ಎದ್ದಳು. "ನಾನೂ ಒಮ್ಮೆ ಕೇಳ್ತೇನಿ. ಶ್ರೀಶೈಲ, ಬಾ ಇಲ್ಲಿ."

ನಾನು ಹೋಗಿ ಅವಳ ಮುಂದೆ ನಿಂತೆ. ಕುತ್ತಿಗೆ ಹಿಡಿದು ಬಾಯಿ ತೆರೆದೆ. ಅವ್ವ ಹೆಮ್ಮೆಯಿಂದ ಅವ್ವಂದಿರ ಕಡೆ ಒಮ್ಮೆ ನೋಡಿ, ನನ್ನ ನೆತ್ತಿಯ ಮೇಲೆ ಕೈ ಇಟ್ಟು ಕೇಳಿದಳು: "ಯಾರು ನೆನಸಾಕತ್ತಾರ?"

ನಾನು ಗೊಂಬೆ. ಗೊಂಬೆ ಉತ್ತರ ಕೊಡುವಂತಿಲ್ಲ. ಬಾಯಿ ತೆರೆದುಕೊಂಡೇ ಸುಮ್ಮನೆ ಅವಳ ಮುಖ ನೋಡಿದೆ.

"ಯಾರು ನೆನಸಾಕತ್ತಾರ?" ಎಂದು ಅವಳು ಇನ್ನೊಮ್ಮೆ ಕೇಳಿದಳು. ಈ ಸಲ ದನಿ ಸಣ್ಣದಾಗಿತ್ತು. ನನ್ನ ತೆರೆದ ಬಾಯಿಯನ್ನು ನೋಡುತ್ತಾ ನೋಡುತ್ತಾ ಅವಳ ಮುಖದ ಹೆಮ್ಮೆ ಇಳಿಯಿತು. ನನಗೆ ಭಯವಾಯಿತು. ಯಾವುದಾದರೂ ಹೆಸರು ಹೇಳಿಬಿಡಲೇ ಎಂದು ದಾಕ್ಷಾಯಿಣಿಯ ಕಡೆ ನೋಡಿದೆ. ಅವಳು ನನ್ನನ್ನು ನೋಡುತ್ತಿರಲಿಲ್ಲ, ನನ್ನ ತಲೆಯ ಮೇಲಿದ್ದ ಅವ್ವನ ಕೈ ನೋಡುತ್ತಿದ್ದಳು.

"ಬೀಗ್ರೂ ಹಿಂಗ ಬಾಯಿ ತಗದ ನಿಂತಿದ್ರು," ಎಂದಳು ಅವ್ವ. "ನಾ ಕೇಳಿದ್ನಿ. ಎರಡ ಸಲ ಕೇಳಿದ್ನಿ. ಹೇಳಲಿಲ್ಲ."

ಪಡೆಗೆ ಏನೂ ಗೊತ್ತಿರಲಿಲ್ಲ, ಆದರೂ ಗೊತ್ತಾಯಿತು.

"ಆಗ ಯಾರಿಗೂ ತಿಳದಿರ್ಲಿಲ್ರಿ ಅತ್ತಿ," ಎಂದಳು ದಾಕ್ಷಾಯಿಣಿ ಹತ್ತಿರ ಬಂದು. "ನೀವು ಕೇಳಿದ್ದು ಬರೋಬ್ಬರಿ ಇತ್ತು. ಮುಂದಿಂದು ಯಾರಿಗೂ ತಿಳದಿರ್ಲಿಲ್ಲ."

"ನಿನಗ ಯಾವಾಗ ತಿಳೀತು?"

ದಾಕ್ಷಾಯಿಣಿ ಬಾಯಿ ತೆರೆದಳು. ಮಾತು ಬರಲಿಲ್ಲ. ಅವ್ವ ಅವಳನ್ನೇ ನೋಡಿದಳು. ಇಷ್ಟು ವರ್ಷ ಒಂದೇ ಒಲೆಯ ಮುಂದೆ ಕೂತು ಈ ಸೊಸೆ ತನಗೆ ಏನನ್ನು ಹೇಳದೆ ಉಳಿದಳು ಎಂಬುದು ಅವಳಿಗೆ ಆಗ ತಿಳಿಯಿತು. ನನಗೆ ಅಳು ಬಂತು. ಬಾಯಿ ತೆರೆದುಕೊಂಡು ಅಳುವುದು ಕಷ್ಟ.

"ಎಲ್ಲಿ ಬಡೀಬೇಕು?" ಎಂದಳು ಅವ್ವ. "ತೋರಸು."

ದಾಕ್ಷಾಯಿಣಿ ನನ್ನನ್ನು ಮುಂದಕ್ಕೆ ಬಗ್ಗಿಸಿದಳು. ನನ್ನ ನೆತ್ತಿಯ ಮೇಲಿದ್ದ ಅವ್ವನ ಕೈಯನ್ನು ತನ್ನ ಕೈಯಿಂದ ಎತ್ತಿ, ಕೆಳಗೆ ತಂದು, ಬೆನ್ನಿನ ಮೇಲೆ ಇಟ್ಟಳು. "ಇಲ್ರಿ."

ಅವ್ವ ಬಡಿದಳು. ಎಪ್ಪತ್ತು ದಾಟಿದ ಕೈ, ಜೀವಮಾನವೆಲ್ಲ ರೊಟ್ಟಿ ಬಡಿದ ಕೈ. ಪರಶುರಾಮ ಪಾಠದ ರೂಢಿಯಲ್ಲಿ ಒಂದು, ಎರಡು ಎಂದು ಎಣಿಸತೊಡಗಿದ, ಉಳಿದವರೂ ಸೇರಿಕೊಂಡರು. ಐದಕ್ಕೆ ಎಣಿಕೆ ನಿಂತಿತು. ಅವ್ವ ನಿಲ್ಲಿಸಲಿಲ್ಲ. ಬೆನ್ನು ಉರಿಯುತ್ತಿತ್ತು. ಆ ಹೊತ್ತಿನಲ್ಲಿ ಆ ಬೆನ್ನು ನನ್ನದಲ್ಲ ಎಂದು ನನಗೆ ಗೊತ್ತಿತ್ತು, ಬಾಗಿಯೇ ಇದ್ದೆ. ದಾಕ್ಷಾಯಿಣಿಯೂ ತಡೆಯಲಿಲ್ಲ. ಅವ್ವನ ಬಾಯಿಂದ ಮೊದಲ ಸಲ ದನಿ ತೆಗೆದ ಅಳು ಬರುವವರೆಗೂ ತಡೆಯಲಿಲ್ಲ. ಬಂದ ಮೇಲೆ ಆ ಕೈಯನ್ನು ಗಾಳಿಯಲ್ಲೇ ಹಿಡಿದು, ಎರಡೂ ಕೈಯಲ್ಲಿ ಮುಚ್ಚಿಕೊಂಡಳು.

"ಸಾಕ್ರಿ ಅತ್ತಿ," ಎಂದಳು. "ಹೊರಗ ಬಂತ್ರಿ."